16 ವರ್ಷದ ಮಗನಿಗೆ ದಿಢೀರ್ ತಲೆನೋವು, ರೆಪ್ಪೆ ಜೋತುಬಿತ್ತು. ಪಿಟ್ಯೂಟರಿ ಅಪೊಪ್ಲೆಕ್ಸಿ ಅಂದಿದಾರೆ, ಅನುಭವ ಇದ್ದವರು ಹೇಳಿ

ಪಾಂಡವಪುರದ ತಾಯಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ನನ್ನ ಮಗ ಫಸ್ಟ್ ಪಿಯುಸಿ. ಕಬಡ್ಡಿ ಅಂದ್ರೆ ಪ್ರಾಣ. ಆರು ವಾರದ ಹಿಂದೆ ಒಂದು ಶುಕ್ರವಾರ ಸಂಜೆ ಟ್ಯೂಷನ್ನಿಂದ ಬಂದವನು ಬ್ಯಾಗೂ ಇಳಿಸದೆ ತಲೆ ಹಿಡ್ಕೊಂಡು ಜಗಲಿ ಮೇಲೆ ಕೂತ. "ಅವ್ವ, ಕಣ್ಣಿನ ಹಿಂದೆ ಒನಕೇಲಿ ಕುಟ್ದಂಗೆ ಆಯ್ತದೆ" ಅಂದ. ಅಷ್ಟರಲ್ಲೇ ವಾಂತಿ. ಹತ್ತಿರದ ಕ್ಲಿನಿಕ್ಕಲ್ಲಿ ಮೈಗ್ರೇನ್ ಇರಬಹುದು ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಬೆಳಿಗ್ಗೆ ಎದ್ದಾಗ ಬಲಗಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು. ಬೆರಳಲ್ಲಿ ಎತ್ತಿ ನೋಡಿದ್ರೆ ಗುಡ್ಡೆ ಹೊರಗಡೆಗೆ ಸರಿದಿತ್ತು. ನಾನು ಒಬ್ಬಳೇ ಎದುರಿಗೆ ನಿಂತಿದ್ರೂ ಇಬ್ಬರು ಕಾಣ್ತಾರೆ ಅಂದ. ಮನೆಗೆ ಬಂದವರು ದೃಷ್ಟಿ ಅಂದ್ರು, ಗಾಳಿ ಸೋಕಿದೆ ಅಂದ್ರು. ನಾನೂ ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಆ ಒಂದು ದಿನ ಹಾಗೇ ಕಳೆದುಹೋಯ್ತು.

ಭಾನುವಾರ ಎಬ್ಬಿಸಿದ್ರೆ ಕಣ್ಣು ಬಿಡ್ತಾನೆ, ಮತ್ತೆ ಮಲಗ್ತಾನೆ. ಮಾತು ತೊದಲು. 108 ಕರೆಸಿ ದೊಡ್ಡ ಆಸ್ಪತ್ರೆಗೆ ಹೋದ್ವಿ. ಬಿಪಿ ಇಳಿದಿತ್ತು, ರಕ್ತದಲ್ಲಿ ಸೋಡಿಯಂ 119. ಮೊದಲು ಮಿದುಳು ಜ್ವರ ಅಂತ ಅನುಮಾನ ಪಟ್ಟರು. ಸಿಟಿ ಸ್ಕ್ಯಾನಲ್ಲಿ ಸ್ಪಷ್ಟ ಆಗಲಿಲ್ಲ. ಡ್ಯೂಟಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ರೆಪ್ಪೆ ಎತ್ತಿ ಟಾರ್ಚ್ ಹಾಕಿ ನೋಡಿ, ಎಂಆರ್‌ಐ ಆಗೋಕ್ಕೂ ಮುಂಚೆ ಹೈಡ್ರೊಕಾರ್ಟಿಸೋನ್ ಅಂತ ಒಂದು ಇಂಜೆಕ್ಷನ್ ಕೊಡಿಸಿದ್ರು. ರಾತ್ರಿ ಹೊತ್ತಿಗೆ ಮಗ ಎದ್ದು ನೀರು ಕೇಳಿದ. ಎಂಆರ್‌ಐನಲ್ಲಿ ಪಿಟ್ಯೂಟರಿ ಗ್ರಂಥಿಯಲ್ಲಿ ಗೆಡ್ಡೆ ಇದೆ, ಅದರೊಳಗೆ ರಕ್ತಸ್ರಾವ ಆಗಿದೆ ಅಂದ್ರು. ಬೆಂಗಳೂರಿಗೆ ಕಳಿಸಿದ್ರು, ಮೂಗಿನ ಮೂಲಕ ಆಪರೇಷನ್ ಆಯ್ತು.

ಈಗ ಮನೇಲಿದಾನೆ. ರೆಪ್ಪೆ ಮುಕ್ಕಾಲು ಎದ್ದಿದೆ. ದಿನಕ್ಕೆ ಮೂರು ಸಲ ಹೈಡ್ರೊಕಾರ್ಟಿಸೋನ್, ಬೆಳಿಗ್ಗೆ ಥೈರಾಯ್ಡ್ ಮಾತ್ರೆ. ಇದು ಜೀವನಪೂರ್ತಿನಾ? ಜ್ವರ ಬಂದ್ರೆ ಏನ್ ಮಾಡೋದು? ಮತ್ತೆ ಕಬಡ್ಡಿ ಆಡಬಹುದಾ? ಎಲ್ಲಕ್ಕಿಂತ ಮುಖ್ಯ, ಮೊದಲೇ ಗೊತ್ತಾಗೋ ಹಾಗಿತ್ತಾ? ರಾತ್ರಿ ನಿದ್ದೆ ಬರಲ್ಲ.

---

ನಾಗಮಂಗಲದ ಅಕ್ಕ · ಭಾನುವಾರ, ರಾತ್ರಿ 10:05

ತಂಗಿ, ನಿನ್ನ ಮಗ ಎದ್ದು ನೀರು ಕೇಳಿದ ಅಂತ ಓದೋ ಹೊತ್ತಿಗೆ ನನಗೂ ಉಸಿರು ಬಂತು. ಇಲ್ಲಿ ಒಬ್ಬರು ಮಕ್ಕಳ ಡಾಕ್ಟ್ರಮ್ಮ ಇದಾರೆ, ಅವರು ನೋಡ್ತಾರೆ. ಇಳಿ ತೆಗೆದದ್ದಕ್ಕೆ ನಿನ್ನನ್ನ ನೀನು ಬೈಕೋಬೇಡ. ಯಾವ ತಾಯಿ ತೆಗೆಯಲ್ಲ ಹೇಳು.

---

ಮಕ್ಕಳ ವೈದ್ಯೆ, ಮೈಸೂರು · ಭಾನುವಾರ, ರಾತ್ರಿ 11:20

ಅಮ್ಮ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಕ್ಕಳಲ್ಲಿ ಇದು ಅಪರೂಪ. ಹೆಚ್ಚಿನ ವೈದ್ಯರು ತಮ್ಮ ಇಡೀ ವೃತ್ತಿಯಲ್ಲಿ ಒಂದೋ ಎರಡೋ ನೋಡಿರುತ್ತಾರೆ, ಕೆಲವರು ನೋಡಿಯೇ ಇರುವುದಿಲ್ಲ. ನೀವು ಗುರುತಿಸಲಿಲ್ಲ ಅನ್ನುವುದು ತಪ್ಪಲ್ಲ.

ಪಿಟ್ಯೂಟರಿ ಅಂದರೆ ಬೆಳವಣಿಗೆ, ಥೈರಾಯ್ಡ್, ವಯಸ್ಸಿಗೆ ಬರುವುದನ್ನೆಲ್ಲ ನಡೆಸುವ ಹಾರ್ಮೋನುಗಳ ಗ್ರಂಥಿ. ಕಡಲೆಕಾಳಿನಷ್ಟು ದಪ್ಪ, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ ಮೂಳೆಯ ಒಂದು ಪುಟ್ಟ ಗುಣಿಯಲ್ಲಿ ಕೂತಿರುತ್ತದೆ. ಅದರ ಮೇಲೆಯೇ ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಎರಡೂ ಪಕ್ಕದಲ್ಲಿ ಕಣ್ಣುಗುಡ್ಡೆ ಆಡಿಸುವ, ರೆಪ್ಪೆ ಎತ್ತುವ ನರಗಳು ಹಾಯುತ್ತವೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಗೆಡ್ಡೆಯೊಳಗೆ ರಕ್ತ ಸುರಿದರೆ, ಅಥವಾ ಗೆಡ್ಡೆಗೆ ರಕ್ತ ಸಾಲದೆ ಅದು ಸತ್ತು ಊದಿದರೆ, ಗಂಟೆಗಳಲ್ಲಿ ಒತ್ತಡ ಏರುತ್ತದೆ. ಸಿಡಿಲಿನಂತಹ ತಲೆನೋವು, ವಾಂತಿ, ರೆಪ್ಪೆ ಜೋತುಬೀಳುವುದು, ಎರಡೆರಡು ಕಾಣುವುದು, ಪಕ್ಕದ ನೋಟ ಮುಚ್ಚುವುದು, ಮಂಪರು. ನೀವು ಬರೆದ ಆ ಮೂರು ದಿನ ಪಠ್ಯಪುಸ್ತಕದ ಪುಟದಂತಿದೆ. ಗ್ರಂಥಿಯಲ್ಲಿ ಹೀಗೆ ರಕ್ತಸ್ರಾವ ಆದದ್ದನ್ನು ಬೈಲಿ ಎಂಬ ವೈದ್ಯರು 1898ರಲ್ಲೇ ಬರೆದಿಟ್ಟಿದ್ದರು. ಪಿಟ್ಯೂಟರಿ ಅಪೊಪ್ಲೆಕ್ಸಿ ಅನ್ನುವ ಹೆಸರು ಬಂದದ್ದು 1950ರಲ್ಲಿ.

ಆದರೆ ಜೀವಕ್ಕೆ ಕುತ್ತು ತರುವುದು ಬರೀ ಒತ್ತಡ ಅಲ್ಲ. ಪಿಟ್ಯೂಟರಿ ಕಳಿಸುವ ಎಸಿಟಿಎಚ್ ಅನ್ನುವ ಸಂದೇಶ ನಿಂತರೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಮಾಡುವುದನ್ನು ನಿಲ್ಲಿಸುತ್ತದೆ. ಕಾರ್ಟಿಸೋಲ್ ಇಲ್ಲದೆ ಬಿಪಿ ನಿಲ್ಲುವುದಿಲ್ಲ, ಸಕ್ಕರೆ ನಿಲ್ಲುವುದಿಲ್ಲ, ಸೋಡಿಯಂ ಕುಸಿಯುತ್ತದೆ. ಆರೋಗ್ಯವಂತರಲ್ಲಿ ಸೋಡಿಯಂ 135ರಿಂದ 145ರ ನಡುವೆ ಇರಬೇಕು, ನಿಮ್ಮ ಮಗನಿಗೆ 119 ಇತ್ತು. ಆ ಚಿಕ್ಕ ವಯಸ್ಸಿನ ಡಾಕ್ಟರು ಸ್ಕ್ಯಾನಿಗೆ ಕಾಯದೆ ಹೈಡ್ರೊಕಾರ್ಟಿಸೋನ್, ಅಂದರೆ ಕಾರ್ಟಿಸೋಲನ್ನೇ ಔಷಧಿಯಾಗಿ ಕೊಡಿಸಿದರಲ್ಲ, ಮಗ ಉಳಿದದ್ದು ಅಲ್ಲಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅಪೊಪ್ಲೆಕ್ಸಿ ಅಂತ ಅನುಮಾನ ಬಂದರೆ ಸಾಕು, ಮೊದಲು ಈ ಸ್ಟೀರಾಯ್ಡ್, ಆಮೇಲೆ ಉಳಿದದ್ದು.

ಥೈರಾಯ್ಡ್ ಮಾತ್ರೆಯ ವಿಷಯದಲ್ಲೂ ಇದೇ ಕ್ರಮ. ಕಾರ್ಟಿಸೋಲ್ ಕೊರತೆ ಇರುವವರಿಗೆ ಸ್ಟೀರಾಯ್ಡ್ ಶುರು ಮಾಡದೆ ಬರೀ ಥೈರಾಯ್ಡ್ ಮಾತ್ರೆ ಕೊಟ್ಟರೆ ದೇಹ ಇರುವ ಅಲ್ಪಸ್ವಲ್ಪ ಕಾರ್ಟಿಸೋಲನ್ನೂ ಬೇಗ ಖರ್ಚು ಮಾಡಿ ಕುಸಿಯುತ್ತದೆ. ಇನ್ನೊಂದು: ಪಿಟ್ಯೂಟರಿ ಕೆಟ್ಟವರಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡಿಗೆ ಪಿಟ್ಯೂಟರಿ ಕಳಿಸುವ ಸಂದೇಶ, ನಾರ್ಮಲ್ ಅಂತಲೇ ಬರಬಹುದು. ಅವರಿಗೆ ನೋಡಬೇಕಾದದ್ದು ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು. ಟಿಎಸ್‌ಎಚ್ ಚೆನ್ನಾಗಿದೆ ಅಂತ ಯಾರಾದರೂ ಮಾತ್ರೆ ನಿಲ್ಲಿಸಲು ಹೇಳಿದರೆ ನಿಲ್ಲಿಸಬೇಡಿ.

ಜೀವನಪೂರ್ತಿನಾ ಅಂದರೆ, ಹೆಚ್ಚಿನವರಿಗೆ ಒಂದಲ್ಲ ಒಂದು ಹಾರ್ಮೋನು ಬಹುಕಾಲ ಬೇಕಾಗುತ್ತದೆ. ಕೆಲವರಲ್ಲಿ ಕೆಲವು ಮರಳುತ್ತವೆ. ಕಣ್ಣಿನ ಚಲನೆ ಮಾತ್ರ ಸಾಮಾನ್ಯವಾಗಿ ಚೆನ್ನಾಗಿ ಮರಳುತ್ತದೆ, ರೆಪ್ಪೆಯ ಬಗ್ಗೆ ಧೈರ್ಯವಾಗಿರಿ.

ಒಂದು ಮಾತು ಕೇಳಲೇ? ಮೊದಲು ಅವನು ಓರಗೆಯವರಿಗಿಂತ ಕುಳ್ಳಗಿದ್ದನೇ? ಮೀಸೆ ಚಿಗುರಿತ್ತೇ? ಪಕ್ಕದಲ್ಲಿ ಇದ್ದದ್ದಕ್ಕೆ ಡಿಕ್ಕಿ ಹೊಡೆಯುತ್ತಿದ್ದನೇ?

---

ಪಾಂಡವಪುರದ ತಾಯಿ · ಸೋಮವಾರ, ಬೆಳಿಗ್ಗೆ 6:15

ಡಾಕ್ಟ್ರಮ್ಮ, ಕೊನೇ ಸಾಲು ಓದಿ ಕೈ ನಡುಗ್ತು. ಎಸ್‌ಎಸ್‌ಎಲ್‌ಸಿ ಫೋಟೋದಲ್ಲಿ ಇವನೇ ಕುಳ್ಳ, ಮುಖ ಇನ್ನೂ ಮಗು ಥರ. ಅಪ್ಪನ ಕಡೆಯವರೆಲ್ಲ ತಡವಾಗಿ ಬೆಳೆದವರು ಅಂತ ಸುಮ್ಮನಿದ್ವಿ. ಕಬಡ್ಡೀಲಿ ಪಕ್ಕದಿಂದ ಬಂದು ಹಿಡಿದ್ರೆ ಗೊತ್ತೇ ಆಗಲ್ಲ ಅಂತಿದ್ದ. ಬಾಗಿಲ ಚೌಕಟ್ಟಿಗೆ ಭುಜ ತಾಕಿಸ್ಕೊಂಡು ಬಂದಾಗ "ಕಣ್ಣು ನೆತ್ತಿ ಮೇಲಿದ್ದಾವಾ" ಅಂತ ನಾನೇ ಬೈದಿದೀನಿ. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ತುಂಬಾ ಜಾಸ್ತಿ ಇತ್ತು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದಾರೆ.

---

ಕುವೆಂಪುನಗರದ ಅಪ್ಪ · ಸೋಮವಾರ, ಬೆಳಿಗ್ಗೆ 8:30

ತಾಯಿಯ ನೋವು ಅರ್ಥವಾಗುತ್ತದೆ. ಆದರೆ ಇದನ್ನು ಓದಿದ ಎಲ್ಲರೂ ಮಗುವಿಗೆ ತಲೆನೋವು ಅಂದ ಕೂಡಲೇ ಎಂಆರ್‌ಐಗೆ ಓಡಿದರೆ ಏನಾಗುತ್ತದೆ? ನನ್ನ ಮಗಳಿಗೆ 13. ಪರೀಕ್ಷೆ ಬಂದರೆ ತಲೆನೋವು. ರಾತ್ರಿಯಿಡೀ ಇದೇ ಓದಿ ನನ್ನ ಹೆಂಡತಿ ಬೆಳಿಗ್ಗೆ ಮಗಳ ರೆಪ್ಪೆ ಅಳೆಯುತ್ತಿದ್ದಾಳೆ. ಅಪರೂಪದ ಕಾಯಿಲೆ ಅಂತ ನೀವೇ ಹೇಳುತ್ತೀರಿ, ಹಾಗಾದರೆ ಈ ಭಯ ಯಾಕೆ ಹಂಚಬೇಕು?

---

ಮಕ್ಕಳ ವೈದ್ಯೆ, ಮೈಸೂರು · ಸೋಮವಾರ, ಮಧ್ಯಾಹ್ನ 1:50

ಸರ್, ನೀವು ಕೇಳಿದ್ದು ನ್ಯಾಯ. ಪರೀಕ್ಷೆ ಹತ್ತಿರ ಬಂದಾಗ ಬಂದು, ಮಲಗಿದರೆ ಹೋಗುವ, ತಿಂಗಳುಗಟ್ಟಲೆ ಒಂದೇ ರೀತಿ ಇರುವ ತಲೆನೋವಿಗೆ ಸ್ಕ್ಯಾನ್ ಬೇಡ. ನಿಮ್ಮ ಮಗಳನ್ನು ನೆಮ್ಮದಿಯಾಗಿ ಶಾಲೆಗೆ ಕಳಿಸಿ.

ಕಾಯಬಾರದ್ದು ಯಾವುದಕ್ಕೆ ಅಂದರೆ, ಹಿಂದೆ ಎಂದೂ ಇಲ್ಲದ ತಲೆನೋವು ನಿಮಿಷಗಳಲ್ಲಿ ತಾರಕಕ್ಕೇರಿ, ಜೊತೆಗೆ ರೆಪ್ಪೆ ಬಿದ್ದರೆ, ಎರಡು ಕಂಡರೆ, ದೃಷ್ಟಿ ಮಂಕಾದರೆ, ಮಗು ಮಂಪರಾದರೆ. ಅದು ಅಪೊಪ್ಲೆಕ್ಸಿ ಆಗಿರದಿದ್ದರೂ ಸರಿಯೇ, ಆ ಲಕ್ಷಣಗಳಿಗೆ ಬೇರೆ ಕಾರಣಗಳೂ ಇಷ್ಟೇ ತುರ್ತಿನವು. ಮಿದುಳು ಪೊರೆಯ ಸೋಂಕಿರಬಹುದು, ಮಿದುಳಿನ ಸುತ್ತ ರಕ್ತಸ್ರಾವ ಇರಬಹುದು. ಎಲ್ಲಕ್ಕೂ ಆಸ್ಪತ್ರೆಯೇ. ಸಿಟಿ ಸ್ಕ್ಯಾನ್ ಚೆನ್ನಾಗಿದೆ ಅಂದರೂ ಕಣ್ಣಿನ ಲಕ್ಷಣ ಇದ್ದರೆ ಅಲ್ಲಿಗೆ ಬಿಡಬಾರದು. ಪಿಟ್ಯೂಟರಿಯನ್ನು ಸ್ಪಷ್ಟವಾಗಿ ತೋರಿಸುವುದು ಎಂಆರ್‌ಐ.

ಪಾಂಡವಪುರದ ಅಮ್ಮ, ಈಗ ಚಿತ್ರ ಪೂರ್ತಿಯಾಯಿತು. ಹದಿಹರೆಯದಲ್ಲಿ ಕಾಣುವ ಪಿಟ್ಯೂಟರಿ ಗೆಡ್ಡೆಗಳಲ್ಲಿ ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ಬರಿಸುವ ಹಾರ್ಮೋನು, ಸ್ರವಿಸುವವೇ ಹೆಚ್ಚು. ಅದು ಅತಿಯಾದರೆ ವಯಸ್ಸಿಗೆ ಬರುವುದನ್ನು ತಡೆಯುತ್ತದೆ. ಹುಡುಗಿಯರಲ್ಲಿ ಮುಟ್ಟು ನಿಂತಾಗ ಪರೀಕ್ಷೆಗೆ ಬರುತ್ತಾರೆ, ಗೆಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ಹುಡುಗರಲ್ಲಿ ತಡವಾಗಿ ಬೆಳೀತಾನೆ ಬಿಡಿ ಅಂತ ಕಾಯುತ್ತೇವೆ, ಗೆಡ್ಡೆ ದೊಡ್ಡದಾಗಿರುತ್ತದೆ. ಹುಡುಗನಿಗೆ 14 ತುಂಬಿದರೂ ವಯಸ್ಸಿಗೆ ಬರುವ ಯಾವ ಗುರುತೂ ಇಲ್ಲದಿದ್ದರೆ, ಹುಡುಗಿಗೆ 13 ತುಂಬಿದರೂ ಎದೆ ಬೆಳವಣಿಗೆ ಶುರುವಾಗದಿದ್ದರೆ ಒಮ್ಮೆ ತೋರಿಸಿ. ಬಹುಪಾಲು ಮಕ್ಕಳು ನಿಜಕ್ಕೂ ತಡವಾಗಿ ಬೆಳೆಯುವವರೇ. ಆದರೂ ತೋರಿಸಿ.

---

ಸರಸ್ವತಿಪುರಂ ಹುಡುಗಿ · ಸೋಮವಾರ, ಸಂಜೆ 6:40

ಆಂಟಿ, ನಿಮ್ಮ ಮಗನಿಗೆ ಆದದ್ದೇ ನನಗೂ 14ನೇ ವಯಸ್ಸಿನಲ್ಲಿ ಆಗಿತ್ತು. ಈಗ ನನಗೆ 19, ಡಿಗ್ರಿ ಓದ್ತಿದೀನಿ. ನನಗೆ ಆಪರೇಷನ್ ಮಾಡಲಿಲ್ಲ. ದೃಷ್ಟಿ ಚೆನ್ನಾಗಿತ್ತು, ಪ್ರಜ್ಞೆ ಇತ್ತು, ಹಾಗಾಗಿ ಸ್ಟೀರಾಯ್ಡ್ ಕೊಟ್ಟು ದಿನಾ ಕಣ್ಣು ಪರೀಕ್ಷಿಸ್ತಾ ಕಾದರು. ಗೆಡ್ಡೆ ತಾನಾಗಿಯೇ ಕುಗ್ಗಿತು. ದೃಷ್ಟಿ ಇಳಿದಿದ್ರೆ ತಡಮಾಡದೆ ಆಪರೇಷನ್ ಮಾಡ್ತಿದ್ವಿ ಅಂದಿದ್ರು.

ಈಗ ನಾನು ಹೇಳೋದನ್ನ ದಯವಿಟ್ಟು ಎರಡು ಸಲ ಓದಿ. ಮೊದಲ ವರ್ಷ ನಮ್ಮ ಮನೆಗೆ ಬಂದ ಹತ್ತಿರದ ಸಂಬಂಧಿಕರೊಬ್ಬರು ಮಾತ್ರೆ ಡಬ್ಬಿ ನೋಡಿ "ಇದು ಸ್ಟೀರಾಯ್ಡ್, ಹೆಣ್ಣುಮಗಳಿಗೆ ಯಾಕೆ ಕೊಡ್ತೀರಾ, ಮೂಳೆ ಪುಡಿಯಾಗುತ್ತೆ, ಮುಖ ಊದುತ್ತೆ" ಅಂದ್ರು. ಅಪ್ಪ ಅಮ್ಮ ಹೆದರಿದ್ರು. ಎರಡು ದಿನ ನಿಲ್ಲಿಸಿದ್ವಿ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜೋಕೆ ನಿಂತವಳು ಬಚ್ಚಲಲ್ಲೇ ಬಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನ ಕೂರಿಸ್ಕೊಂಡು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: ಬೇರೆ ಕಾಯಿಲೆಗೆ ಕೊಡೋ ಸ್ಟೀರಾಯ್ಡ್ ದೇಹದಲ್ಲಿ ಇರೋದಕ್ಕಿಂತ ಹೆಚ್ಚುವರಿ. ನಿಮ್ಮ ಮಗಳಿಗೆ ಕೊಡ್ತಿರೋದು ದೇಹ ತಾನೇ ಮಾಡಬೇಕಿದ್ದ ಅಳತೆಯಷ್ಟೇ. ಇಲ್ಲದ್ದನ್ನ ತುಂಬ್ತಿದೀವಿ.

ಜ್ವರದ ಬಗ್ಗೆ ಕೇಳಿದ್ರಿ. ನನಗೆ ಬರೆದುಕೊಟ್ಟಿರೋದು ಹೀಗಿದೆ: ಜ್ವರ 100.4 ದಾಟಿದ್ರೆ ದಿನದ ಡೋಸ್ ಎರಡರಷ್ಟು, 102 ದಾಟಿದ್ರೆ ಮೂರರಷ್ಟು, ಜ್ವರ ಬಿಟ್ಟ ಮೇಲೆ ಮಾಮೂಲಿಗೆ. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿ ಆದ್ರೆ ಇನ್ನೊಂದು ಸಲ ನುಂಗಬೇಕು. ಅದೂ ಬಂದ್ರೆ ತೊಡೆಗೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ನಿಮ್ಮ ಮಗನ ಅಳತೆಯನ್ನ ಅವನ ಡಾಕ್ಟರ ಹತ್ತಿರ ಬರೆಸ್ಕೊಂಡು ಫ್ರಿಡ್ಜ್ ಮೇಲೆ ಅಂಟಿಸಿ. ಹಲ್ಲು ಕೀಳಿಸೋದು, ಯಾವುದೇ ಆಪರೇಷನ್, ಕೈಕಾಲು ಮುರಿತ, ಎಲ್ಲಕ್ಕೂ ಮೊದಲು ಹೇಳಬೇಕು.

ಅಮ್ಮ ನನಗೋಸ್ಕರ ಇಂಜೆಕ್ಷನ್ ಕೊಡೋದು ಕಲಿತರು. ಮೊದಲು ಕಿತ್ತಳೆಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡಿದ್ರು. ಪರ್ಸಿನಲ್ಲಿ ಯಾವಾಗ್ಲೂ ಒಂದು ಚೀಟಿ ಇರುತ್ತೆ: "ನನಗೆ ಅಡ್ರಿನಲ್ ಕೊರತೆ ಇದೆ. ಪ್ರಜ್ಞೆ ತಪ್ಪಿದ್ದರೆ ತಕ್ಷಣ ಹೈಡ್ರೊಕಾರ್ಟಿಸೋನ್ ಕೊಡಿ." ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕಳೆದ ಆಷಾಢದಲ್ಲಿ ಗೆಳತಿಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಚೀಟಿ, ಮಾತ್ರೆ, ನೀರು ಜೊತೆಗಿತ್ತು. ನಂದಿ ಹತ್ರ ಸ್ವಲ್ಪ ಕೂತೆ, ಅಷ್ಟೇ.

---

ಹಿತೈಷಿ, ಮಂಡ್ಯ · ಸೋಮವಾರ, ರಾತ್ರಿ 8:10

ಇಷ್ಟೆಲ್ಲಾ ಮಾತ್ರೆ ನುಂಗೋ ಬದಲು ನಾಟಿ ಔಷಧ ಪ್ರಯತ್ನಿಸಬಹುದಲ್ಲ? ನಮ್ಮ ಕಡೆ ಒಬ್ಬರು ಗ್ರಂಥಿ ಕಾಯಿಲೆಗೆ ಬೇರು ಕೊಡ್ತಾರೆ. ಮೂರು ತಿಂಗಳು ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಪಥ್ಯ ಮಾಡಬೇಕು.

---

ನಂಜನಗೂಡಿನ ಮೆಡಿಕಲ್ ಅಂಗಡಿಯವರು · ಸೋಮವಾರ, ರಾತ್ರಿ 8:45

ಅಣ್ಣ, ನಿಮ್ಮ ಮನಸ್ಸು ಒಳ್ಳೇದೇ ಇರಬಹುದು. ಆದರೆ ಮೂರು ತಿಂಗಳಲ್ಲ, ಮೂರು ದಿನ ನಿಲ್ಲಿಸಿದ್ರೆ ಏನಾಗುತ್ತೆ ಅಂತ ಆ ಮಗಳು ಮೇಲೆಯೇ ಬರೆದಿದಾಳೆ. ಓದಿ ನೋಡಿ.

ತಾಯಿಗೆ ಅಂಗಡಿ ಕಡೆಯಿಂದ ಎರಡು ಮಾತು. ಹೈಡ್ರೊಕಾರ್ಟಿಸೋನ್ ಮಾತ್ರೆ ಹಳ್ಳಿ ಅಂಗಡಿಗಳಲ್ಲಿ ಸದಾ ಇರಲ್ಲ. ಕೊನೇ ಪಟ್ಟಿ ಒಡೆಯೋ ತನಕ ಕಾಯಬೇಡಿ, ಒಂದು ತಿಂಗಳದ್ದು ಮುಂಚಿತವಾಗಿ ಮನೇಲಿರಲಿ. ಮಾತ್ರೆ ಇಲ್ಲ ಅಂತ ಅಂಗಡಿಯವರು ಬೇರೆ ಸ್ಟೀರಾಯ್ಡ್ ಕೊಟ್ರೆ ಡಾಕ್ಟರನ್ನ ಕೇಳದೆ ತಗೋಬೇಡಿ, ಒಂದೊಂದರ ಬಲ ಒಂದೊಂದು ಥರ. 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಮಾಡೋ ಕೆಲಸಕ್ಕೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಸಾಕು. ಸಂಖ್ಯೆ ನೋಡಿ ಅಷ್ಟಕ್ಕಷ್ಟು ಕೊಟ್ರೆ ನಾಲ್ಕು ಪಟ್ಟು ಆಗುತ್ತೆ. ಇಂಜೆಕ್ಷನ್ ಪುಡಿ ರೂಪದ ಬಾಟಲಿ, ನೀರು ಬೆರೆಸಿ ಕೊಡೋದು. ಎರಡು ಬಾಟಲಿ, ಸಿರಿಂಜು, ಬೆರೆಸೋ ನೀರು ಒಂದು ಡಬ್ಬಿಯಲ್ಲಿಟ್ಟು ಮುಗಿಯೋ ತಾರೀಕನ್ನ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೀರಿ.

---

ಮಳವಳ್ಳಿ ರೈತ · ಸೋಮವಾರ, ರಾತ್ರಿ 10:30

ಇದು ನನಗೆ ಸಂಬಂಧ ಇಲ್ಲದ ವಿಷಯ ಅಂತ ಓದ್ತಾ ಇದ್ದೆ. ಓದ್ತಾ ಓದ್ತಾ ನನ್ನ ತಮ್ಮನ ಕತೆನೇ ಅನ್ನಿಸ್ತು.

ತಮ್ಮನಿಗೆ 13 ಆಗಿದ್ದಾಗ ಕಬ್ಬಿನ ಗದ್ದೇಲಿ ತರಗು ಎಳೀತಿದ್ದಾಗ ಕೊಳಕುಮಂಡಲ ಕಚ್ತು. ಆಸ್ಪತ್ರೆಗೆ ಬೇಗ ಹೋದ್ವಿ, ಹಾವಿನ ಔಷಧ ಹಾಕಿದ್ರು. ಒಸಡಲ್ಲಿ ರಕ್ತ, ಮೂತ್ರ ನಿಂತು ಡಯಾಲಿಸಿಸ್ ಆಯ್ತು. ಇಪ್ಪತ್ತು ದಿನಕ್ಕೆ ಮನೆಗೆ ಬಂದ. ಬದುಕಿ ಬಂದನಲ್ಲ ಅಂತ ಮಾರಮ್ಮನ ಗುಡೀಲಿ ಹರಕೆ ತೀರಿಸಿದ್ವಿ.

ಆಮೇಲೆ ಹುಡುಗ ಬೆಳೀಲೇ ಇಲ್ಲ. 17ಕ್ಕೂ 12ರ ಹೈದನ ಥರ ಇದ್ದ. ಬಿಸಿಲಲ್ಲೂ ಚಳಿ ಅಂತಿದ್ದ. ಬೆಳಿಗ್ಗೆ ಏಳೋಕಾಗ್ತಿರಲಿಲ್ಲ. ಸೋಮಾರಿ ಅಂತ ಅಪ್ಪ ಬೈತಿದ್ರು, ನಾನೂ ಬೈದಿದೀನಿ. ಕೊನೆಗೆ ಒಂದು ದಿನ ಭೇದಿ ಆಗಿ ಬಿಪಿ ಕುಸಿದು ಅಡ್ಮಿಟ್ ಮಾಡಿದಾಗ, ಒಬ್ಬ ಡಾಕ್ಟರು "ಹಿಂದೆ ಹಾವು ಕಚ್ಚಿತ್ತಾ" ಅಂತ ಕೇಳಿದ್ರು. ನಾಲ್ಕು ವರ್ಷದ ಹಿಂದಿನದು ಯಾಕೆ ಅಂತ ನಾನು ಆಶ್ಚರ್ಯಪಟ್ಟೆ. ಸ್ಕ್ಯಾನ್ ಮಾಡಿ ಪಿಟ್ಯೂಟರಿ ಒಣಗಿ ಹೋಗಿದೆ ಅಂದ್ರು. ಈಗ ಇದೇ ಮಾತ್ರೆಗಳು. ಡಾಕ್ಟ್ರಮ್ಮ, ಎರಡೂ ಒಂದೇನಾ?

---

ಮಕ್ಕಳ ವೈದ್ಯೆ, ಮೈಸೂರು · ಮಂಗಳವಾರ, ಬೆಳಿಗ್ಗೆ 7:05

ಅಣ್ಣ, ನೀವು ಬರೆದದ್ದು ನಮ್ಮ ಮಂಡ್ಯ, ಚಾಮರಾಜನಗರ, ಮೈಸೂರು ಸೀಮೆಗೆ ತುಂಬ ಬೇಕಾದ ಮಾತು.

ಒಂದೇ ಅಲ್ಲ, ಆದರೆ ಹತ್ತಿರದ ನೆಂಟರು. ನಿಮ್ಮ ತಮ್ಮನಲ್ಲಿ ಗೆಡ್ಡೆ ಇರಲಿಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ, ಬೇರೆ ಕಡೆ ರಕ್ತ ಸೋರುತ್ತದೆ. ಹಾಗೆ ಪಿಟ್ಯೂಟರಿಗೆ ರಕ್ತ ನಿಂತರೆ ಅಥವಾ ಅದರೊಳಗೆ ಸೋರಿದರೆ ಗ್ರಂಥಿ ಸಾಯುತ್ತದೆ. ಬರ್ಮಾದ ವೈದ್ಯರು 1987ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಅಲ್ಲಿಯೂ ಗದ್ದೆ, ಅಲ್ಲಿಯೂ ಇದೇ ಬಗೆಯ ಹಾವು. ನಮ್ಮ ದೇಶದಿಂದಲೂ ವರದಿಗಳಿವೆ. ಕೆಲವರಲ್ಲಿ ಕಚ್ಚಿದ ವಾರದಲ್ಲೇ ಬಿಪಿ ನಿಲ್ಲದೆ ಗೊತ್ತಾಗುತ್ತದೆ, ಕೆಲವರಲ್ಲಿ ವರ್ಷಗಳು ಕಳೆಯುತ್ತವೆ. ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್ ಕುಸಿದಾಗ, ಮೊದಲೇ ಗೆಡ್ಡೆ ಇದ್ದವರಲ್ಲಿ ಅಪೊಪ್ಲೆಕ್ಸಿ ಆದದ್ದೂ ದಾಖಲಾಗಿದೆ.

ನನ್ನ ಕೋರಿಕೆ ಇಷ್ಟು. ಮಂಡಲದ ಹಾವು ಕಚ್ಚಿ, ಮೂತ್ರಪಿಂಡಕ್ಕೆ ಪೆಟ್ಟಾಗಿ ಬದುಕಿ ಬಂದ ಮಗುವಿನ ಎತ್ತರವನ್ನು ಆರು ತಿಂಗಳಿಗೊಮ್ಮೆ ಗೋಡೆಗೆ ಗೆರೆ ಹಾಕಿ ಅಳೆಯಿರಿ. ಸುಸ್ತು, ಚಳಿ, ಸಕ್ಕರೆ ಇಳಿಯುವುದು, ವಯಸ್ಸಿಗೆ ಬಾರದಿರುವುದು ಕಂಡರೆ ವೈದ್ಯರಿಗೆ ಹಾವಿನ ಸಂಗತಿ ನೀವೇ ಹೇಳಿ, ಅವರು ಕೇಳದಿದ್ದರೂ ಹೇಳಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಕಚ್ಚಿದ ದಿನದ ಲೆಕ್ಕ ಸಿಗುತ್ತಿದೆ. ಆಮೇಲಿನ ನಾಲ್ಕು ವರ್ಷ ಯಾರಾದರೂ ಹಿಂದೆ ಬಿದ್ದು ನೋಡಬೇಕು ಅನ್ನುವುದು ನನ್ನ ಬಹುದಿನದ ಸಂಕಟ.

ನಿಮ್ಮ ತಮ್ಮ ಸೋಮಾರಿ ಆಗಿರಲಿಲ್ಲ. ಅವನಿಗೆ ಅದನ್ನು ಬಾಯಿಬಿಟ್ಟು ಹೇಳಿ.

---

ಮಳವಳ್ಳಿ ರೈತ · ಮಂಗಳವಾರ, ಬೆಳಿಗ್ಗೆ 7:40

ಹೇಳ್ದೆ. ಏನೂ ಮಾತಾಡಲಿಲ್ಲ. ಹಟ್ಟಿ ಮುಂದೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದು, "ಕಾಫಿ ಕುಡ್ದ್ಯಾ ಅಣ್ಣ" ಅಂದ.

---

ಮದ್ದೂರಿನ ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 2:20

ತಾಯಿ, ಮಗ ಕಾಲೇಜಿಗೆ ಹೋಗುವ ಮೊದಲು ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ. ನಾನು ಹೈಸ್ಕೂಲಿನವನು, ನಮಗೆ ಏನು ಗೊತ್ತಿರಬೇಕು ಅಂತ ನನ್ನ ಅನುಭವದಿಂದ ಹೇಳುತ್ತೇನೆ. ಕಾಯಿಲೆಯ ಉದ್ದದ ಹೆಸರು ನಮಗೆ ನೆನಪಿರುವುದಿಲ್ಲ. "ಮಧ್ಯಾಹ್ನದ ಮಾತ್ರೆ ತಪ್ಪಬಾರದು. ವಾಂತಿ ಆದರೆ, ತೂಕಡಿಸಿದರೆ ಮಲಗಿಸಿ ಕಾಯಬೇಡಿ, ನನಗೆ ಫೋನ್ ಮಾಡಿ, 108 ಕರೆಯಿರಿ" ಎಂಬ ಮೂರು ಸಾಲು ಸಾಕು. ಪಿಟಿ ಮೇಷ್ಟ್ರಿಗೆ ಬೇರೆಯಾಗಿ ಹೇಳಿ.

ಖರ್ಚಿನ ಬಗ್ಗೆ ನೀವು ಬರೆದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮುಂದಿನ ಸ್ಕ್ಯಾನು, ದಾಖಲಾತಿಗೆ ಹೋಗುವಾಗ ಕಾರ್ಡು ಜೊತೆಗಿರಲಿ, ಯಾವುದಕ್ಕೆ ಅನ್ವಯಿಸುತ್ತದೆ ಅಂತ ಮೊದಲೇ ಅಲ್ಲಿ ವಿಚಾರಿಸಿ.

---

ಪಾಂಡವಪುರದ ತಾಯಿ · ಮಂಗಳವಾರ, ರಾತ್ರಿ 9:15

ಎಲ್ಲರಿಗೂ ಕೈ ಮುಗೀತೀನಿ. ಮೇಷ್ಟ್ರು ಹೇಳಿದ ಮೂರು ಸಾಲು ಮಗನೇ ಬರೆದ, ಅಕ್ಷರ ಚೆಂದ ಇದೆ ಅಂತ. ಸರಸ್ವತಿಪುರಂ ಕೂಸು ಬರೆದಿದ್ದನ್ನ ಅವನಿಗೆ ಓದಿ ಹೇಳಿದೆ. ಬೆಟ್ಟ ಹತ್ತಿದಾರೆ ಅಂದಾಗ ಎದ್ದು ಕೂತ.

ಡಾಕ್ಟ್ರಮ್ಮ, ನಾಳಿದ್ದು ಬೆಳಿಗ್ಗೆ ಮೈಸೂರಿಗೆ ರಕ್ತ ಕೊಡೋಕೆ ಬರ್ತೀವಿ, ಕಾರ್ಟಿಸೋಲ್ ನೋಡ್ತಾರಂತೆ. ಆವತ್ತು ಬೆಳಗಿನ ಮಾತ್ರೆ ಕೊಡಬೇಡಿ ಅಂದಿದಾರೆ. ಒಂದು ಡೋಸ್ ತಪ್ಪಿದ್ರೆ ಬಚ್ಚಲಲ್ಲಿ ಬಿದ್ದ ಆ ಮಗು ಕತೆನೇ ಕಣ್ಮುಂದೆ ಬರುತ್ತೆ. ಕಬಡ್ಡಿ ವಿಷಯನೂ ಹೇಳಿ, ಅವನು ಪಕ್ಕದಲ್ಲೇ ಕೂತಿದಾನೆ.

---

ಮಕ್ಕಳ ವೈದ್ಯೆ, ಮೈಸೂರು · ಮಂಗಳವಾರ, ರಾತ್ರಿ 9:50

ಹೆದರಬೇಡಿ, ಅದು ಬೇಕೆಂದೇ ಮಾಡುವುದು. ಅವನ ದೇಹ ಸ್ವಂತವಾಗಿ ಎಷ್ಟು ಕಾರ್ಟಿಸೋಲ್ ಮಾಡುತ್ತಿದೆ ಅಂತ ತಿಳಿಯಲು ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ, ಮಾತ್ರೆಗೆ ಮೊದಲು ರಕ್ತ ತೆಗೆಯುತ್ತಾರೆ. ಹಿಂದಿನ ಸಂಜೆಯ ಡೋಸ್ ಬಗ್ಗೆಯೂ ನಿಮ್ಮ ವೈದ್ಯರನ್ನು ಫೋನಿನಲ್ಲಿ ಕೇಳಿಕೊಳ್ಳಿ. ಮಾತ್ರೆ ನಿಮ್ಮ ಸೆರಗಿನಲ್ಲೇ ಇರಲಿ. ಸೂಜಿ ಹೊರಬಂದ ಕೂಡಲೇ ಅಲ್ಲೇ ಕುರ್ಚಿಯ ಮೇಲೆ ನುಂಗಿಸಿ, ಆಮೇಲೆ ತಿಂಡಿ. ದಾರಿಯಲ್ಲೇ ಜ್ವರ, ವಾಂತಿ, ತಲೆಸುತ್ತು ಬಂದರೆ ಪರೀಕ್ಷೆ ಬಿಟ್ಟು ಮಾತ್ರೆ ಕೊಡಿ, ರಕ್ತ ಇನ್ನೊಂದು ದಿನ ಕೊಡಬಹುದು.

ಪಕ್ಕದಲ್ಲಿ ಕೂತವನಿಗೆ: ಮೂಗಿನ ಒಳಗಿನ ಗಾಯ ಮಾಯುವವರೆಗೆ, ಸರ್ಜನ್ ಒಪ್ಪುವವರೆಗೆ ಅಂಗಳಕ್ಕೆ ಇಳಿಯಬೇಡಪ್ಪ, ಜೋರಾಗಿ ಮೂಗು ಸೀನಬೇಡ, ಭಾರ ಎತ್ತಬೇಡ. ಪಕ್ಕದ ನೋಟದ ಪರೀಕ್ಷೆ ಮತ್ತೆ ಮಾಡಿಸು. ಅದು ಚೆನ್ನಾಗಿ ಬಂದರೆ ಆಟದ ಮಾತು ನಿನ್ನ ವೈದ್ಯರ ಹತ್ತಿರ ನೀನೇ ಎತ್ತು.

---

ಪಾಂಡವಪುರದ ತಾಯಿ · ಗುರುವಾರ, ಬೆಳಿಗ್ಗೆ 9:25

ರಕ್ತ ಕೊಟ್ಟ. ಮಾತ್ರೆ ನುಂಗಿದ. ಈಗ ಎದುರುಗಡೆ ಹೋಟ್ಲಲ್ಲಿ ಎರಡನೇ ದೋಸೆ ತಿಂತಿದಾನೆ.